ಮಾದಲಿಗಾಗಿ ಮುರಿದ ಮಾತುಕತೆ

ಹೋದ ಭಾನುವಾರ ಒಂದು ಮದುವೆ ಮುರಿದು ಬಂದೆ. ಯಾರದೋ ಅಲ್ಲ, ಸ್ವಂತ ಅಕ್ಕನ ಮಗಳದು. ಕಾರಣ ಬಂಗಾರವಲ್ಲ, ಜಾತಕವಲ್ಲ, ಹುಡುಗನ ಚಟವೂ ಅಲ್ಲ. ಮಾದಲಿ.

ನಗಬೇಡಿ. ಅಂದಿನಿಂದ ಬಂದ ಫೋನುಗಳಲ್ಲಿ ಅರ್ಧ ನಗುವವು, ಅರ್ಧ ಬೈಯುವವು. “ಒಂದ್ ಹಿಡಿ ಮಾದ್ಲಿ ಸಲುವಾಗಿ ಅಂಥಾ ಮನಿತನ ಕಳಕೊಂಡ್ರಲ್ಲ” ಅಂತ ನಮ್ಮ ಚಿಕ್ಕಮ್ಮ ಎರಡು ಸಲ ಫೋನ್ ಮಾಡಿ ಬೈದಳು. ಎಲ್ಲರಿಗೂ ಬೇರೆ ಬೇರೆ ಉತ್ತರ ಹೇಳುತ್ತ ಕೂರಲು ನನಗೆ ಪುರಸೊತ್ತಿಲ್ಲ. ಇಲ್ಲಿಯೇ ಒಮ್ಮೆ ಬರೆದುಬಿಡುತ್ತೇನೆ.

ಹಳೆಯ ಓದುಗರಿಗೆ ಗೊತ್ತು, ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಶುರುವಾದದ್ದು ಅಂಗಡಿಯಿಂದಲ್ಲ, ತಲೆಯ ಮೇಲಿನ ಬುಟ್ಟಿಯಿಂದ. ಚಚಡಿ, ದೇಗಾಂವ, ಸುತ್ತಲಿನ ಎಲ್ಲ ಹಳ್ಳಿಗಳಿಗೆ ಸ್ಟೀಲ್ ಡಬ್ಬಿ ಹೊತ್ತು ತಿರುಗಿದವಳು ನಾನು. ಚೌಕಾಸಿ ಕಲಿತದ್ದು ಮಂದಿಯ ಹೊಸ್ತಿಲ ಮೇಲೆ. ಈಗ ನಂಟರ ಪೈಕಿ ಯಾರ ಮನೆಯ ಮದುವೆ ಮಾತುಕತೆ ಇದ್ದರೂ ನನಗೊಂದು ಖುರ್ಚಿ ಖಾಯಂ. “ಅಕ್ಕಾರ, ನೀವು ಬಂದ್ರ ಒಂದೆರಡು ತೊಲಿ ಇಳೀತೈತಿ ನೋಡ್ರಿ” ಅಂತ ಮುಖಕ್ಕೇ ಹೇಳಿ ಕರೆದೊಯ್ಯುತ್ತಾರೆ. (ಇಳಿಯುತ್ತದೆ. ಸುಳ್ಳು ಯಾಕೆ ಹೇಳಲಿ?)

ಇನ್ನು ಮಾದಲಿ. ತಿಳಿಯದವರಿಗಾಗಿ ಒಂದು ಮಾತು. ಗೋಧಿ, ಕಡಲೆಬೇಳೆ, ಚೂರು ಅಕ್ಕಿ ತರಿತರಿಯಾಗಿ ಬೀಸಿ, ಗಟ್ಟಿ ಕಲಸಿ, ದಪ್ಪ ರೊಟ್ಟಿ ತಟ್ಟಿ ಬೇಯಿಸುವುದು. ಆರಿದ ಮೇಲೆ ಒರಳಿಗೆ ಹಾಕಿ ಕುಟ್ಟುವುದು, ಜರಡಿ ಹಿಡಿಯುವುದು. ಬೆಲ್ಲ, ಪುಟಾಣಿ (ಹುರಿಗಡಲೆ), ಒಣಕೊಬ್ಬರಿ, ಗಸಗಸೆ, ಏಲಕ್ಕಿ, ಶುಂಠಿ ಬೆರೆಸುವುದು. ತಿನ್ನುವಾಗ ಮೇಲೆ ಬಿಸಿ ಹಾಲು, ಕಾಸಿದ ತುಪ್ಪ. ನೋಡಲಿಕ್ಕೆ ಏನೂ ಇಲ್ಲ, ಕಂದು ಬಣ್ಣದ ಪುಡಿ. ಫೋಟೋದಲ್ಲಿ ಮಣ್ಣಿನ ಹಾಗೆ ಕಾಣುತ್ತದೆ. ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ಮಾತಾಡೋಣ.

ನನಗೆ ಇಷ್ಟವಾದ ತಿನಿಸುಗಳು ಎಲ್ಲವೂ ಹೀಗೆಯೇ, ರೂಪವಿಲ್ಲದವು. ಎರಡು ದಿನ ಕಳೆದು ಗರಿಗರಿಯಾದ ಶೇಂಗಾ ಹೋಳಿಗೆ. ಪಂಚಮಿಯ ಅಳ್ಳಿಟ್ಟು, ತಿನ್ನುವಾಗ ನಕ್ಕರೆ ಎದುರಿಗಿದ್ದವರ ಮುಖವೆಲ್ಲ ಹಿಟ್ಟು. ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಪೇಪರಿನ ತುಂಡಿನಲ್ಲಿ ಕೊಡುವ ಚುರುಮುರಿಯ ಗಿರ್ಮಿಟ್ಟು, ಜತೆಗೆ ಕಣ್ಣಲ್ಲಿ ನೀರು ಬರಿಸುವ ಒಂದು ಮೆಣಸಿನಕಾಯಿ ಭಜಿ. ಜ್ವರ ಬಿಟ್ಟ ಮರುದಿನ ಬಿಸಿ ಜೋಳದ ರೊಟ್ಟಿಗೆ ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿದ ಮುಟಗಿ. ಒಂದಕ್ಕಾದರೂ ಅಂದ ಇದೆಯೇ? ಬೇಕಾಗಿಯೂ ಇಲ್ಲ. ನಾನು ನಲವತ್ತು ವರ್ಷ ಹೊಳೆಯುವ ಪಾತ್ರೆ ಮಾರಿದವಳು. ಹೊಳಪು ಯಾತಕ್ಕೆ ಬರುತ್ತದೆ, ಯಾತಕ್ಕೆ ಬರುವುದಿಲ್ಲ, ನನಗೆ ಗೊತ್ತಿದೆ.

ಈ ಎಲ್ಲವುಗಳಲ್ಲಿ ಮಾದಲಿಗೆ ಮೊದಲ ಮಣೆ. ಕಾರಣ ನನ್ನ ಅಕ್ಕ ಶಾಂತಕ್ಕ. ರಾಮದುರ್ಗದಲ್ಲಿರುತ್ತಾಳೆ. ನಾನು ಬುಟ್ಟಿ ಹೊತ್ತು ತಿರುಗುತ್ತಿದ್ದ ದಿನಗಳಲ್ಲಿ ಅರಿವೆಯ ಗಂಟಿನಲ್ಲಿ ಮಾದಲಿ ಕಟ್ಟಿಕೊಡುತ್ತಿದ್ದಳು. ಎಂಟು ದಿನ ಕೆಡುವುದಿಲ್ಲ. ಹಾಲಿಲ್ಲದಿದ್ದರೆ ನೀರು ಸಾಕು. ಯಾರದೋ ಕಟ್ಟೆಯ ಮೇಲೆ ಕುಳಿತು ಎರಡು ಹಿಡಿ ತಿಂದರೆ ಮುಂದಿನ ಊರಿನವರೆಗೆ ಕಾಲು ತಾವಾಗಿ ನಡೆಯುತ್ತಿದ್ದವು. ನನ್ನ ಅಂಗಡಿ ಅದರ ಮೇಲೆ ನಿಂತಿದೆ.

ಗಂಡ ತೀರಿಕೊಂಡ ಮೇಲೆ ಶಾಂತಕ್ಕ ಇದನ್ನೇ ಉದ್ಯೋಗ ಮಾಡಿಕೊಂಡಳು. ಮದುವೆ, ಮನೆಶಾಂತಿ, ಬಸುರಿಯ ಕುಬಸ, ಯಾರ ಮನೆಯಲ್ಲಿ ಕಾರ್ಯವಿದ್ದರೂ ಮಾದಲಿ ಅವಳದು. ರಾಮದುರ್ಗದಿಂದ ಸವದತ್ತಿಯವರೆಗೆ ಅವಳ ಡಬ್ಬಿಗಳು ಟೆಂಪೋ ಏರಿ ಹೋಗುತ್ತವೆ. ಒಬ್ಬಳೇ ಮಗಳು ದೀಪಾ. ಅವಳು ಬಿ.ಎಡ್ ಮುಗಿಸಿದ್ದು, ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿರುವುದು, ಎಲ್ಲದರ ಹಿಂದೆ ಆ ಒರಳಿನ ಸದ್ದಿದೆ.

ದೀಪಾಳಿಗೆ ಕಿತ್ತೂರಿನ ಸಂಬಂಧ ಬಂತು. ಟೈಲ್ಸ್ ಶೋರೂಮ್ ಇಟ್ಟವರು, ಒಳ್ಳೆಯ ಮನೆತನ, ಹುಡುಗ ಮೃದು. ಎರಡು ತಿಂಗಳಿಂದ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ದೀಪಾ ಒಪ್ಪಿದ್ದಳು, ಮನಸ್ಸಿಟ್ಟೇ ಒಪ್ಪಿದ್ದಳು. ಭಾನುವಾರ ಶಾಂತಕ್ಕನ ಮನೆಯಲ್ಲಿ ಮಾತುಕತೆ.

ನಾನು ಬೆಳಿಗ್ಗೆಯೇ ಹೋಗಿ ಕುಳಿತೆ. ಹುಡುಗನೂ ತಾಯಿ, ಸೋದರಮಾವನ ಜತೆ ಬಂದ. ಮೂರು ತಾಸಿನ ಕುಸ್ತಿ. ಬಂಗಾರ ಇಳಿಸಿದೆ. ಮದುವೆ ಹಾಲ್‌ನ ಬಾಡಿಗೆ ಅರ್ಧರ್ಧ ಮಾಡಿಸಿದೆ. ಅವರ ಕಡೆಯ ಮಂದಿಯ ಸಂಖ್ಯೆ ನಾಲ್ಕು ನೂರರಿಂದ ಎರಡೂವರೆ ನೂರಕ್ಕೆ ತಂದೆ. ಹುಡುಗನ ಸೋದರಮಾವ ಬೆವರು ಒರೆಸಿಕೊಂಡು, “ಅಕ್ಕಾರ, ನಮ್ಮ ಶೋರೂಮಿಗೆ ಮ್ಯಾನೇಜರ್ ಆಗಿ ಬರ್ರಿ” ಅಂದ. ಎಲ್ಲರೂ ನಕ್ಕರು. ನಕ್ಕರೆಂದರೆ ಕೆಲಸ ಮುಗಿದ ಹಾಗೆ.

ನಮ್ಮ ಕಡೆ ಮಾತು ಮುಗಿಯಿತು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಣ್ಣಿನ ತಾಯಿ ಸಕ್ಕರೆ ತಟ್ಟೆ ತರುತ್ತಾಳೆ. ಎಲ್ಲರೂ ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಮಾತು ಗಟ್ಟಿಯಾಯಿತು. ಆಮೇಲೆ ಹಿಂದೆ ಸರಿದವರು ಮಾತು ತಪ್ಪಿದವರು. ಅಲ್ಲಿಯವರೆಗೆ ಅವಲಕ್ಕಿ ಚೂಡಾ, ಚಹಾ ಅಷ್ಟೇ. ಸಿಹಿ ಹೊರಗೆ ಬರುವುದಿಲ್ಲ.

ಶಾಂತಕ್ಕ ಸಕ್ಕರೆ ತರಲು ಒಳಗೆ ಹೋದಳು. ಆಗ ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ಬಾಗಿದರು.

“ಇನ್ನೊಂದು ಸಣ್ಣ ಮಾತು ಉಳದೈತ್ರಿ.”

“ಹೇಳ್ರಿ.”

“ಮದುವಿ ಊಟದಾಗ ಮಾದ್ಲಿ ಬ್ಯಾಡ್ರಿ. ನಮ್ಮ ಮಂದಿ ಎಲ್ಲಾ ಹುಬ್ಬಳ್ಳಿ, ಪುಣಾದವ್ರು. ಕೇಟರಿಂಗ್‌ನವ್ರು ಜಾಮೂನು, ಐಸ್‌ಕ್ರೀಮ್ ಕೌಂಟರ್ ಹಾಕ್ತಾರ.”

“ಆತ್ರಿ.” ಇದು ನಾನು.

“ಮತ್ತ…” ಅವರು ದನಿ ಇಳಿಸಿದರು. “ಮದುವಿ ಆದಮ್ಯಾಲ ಬೀಗತೇರು ಈ ಆರ್ಡರ್ ಕೆಲಸ ಬಿಡಬೇಕ್ರಿ. ನಾವು ಯಾರದೋ ಮದುವಿಗೆ ಊಟಕ್ಕ ಕುಂತಾಗ, ಇದು ನಿಮ್ಮ ಬೀಗತಿ ಕುಟ್ಟಿದ ಮಾದ್ಲಿ ಅಂತ ಮಂದಿ ಅಂದ್ರ ಚಂದ ಕಾಣಂಗಿಲ್ರಿ.”

ಇಲ್ಲಿ ನನ್ನ ತಪ್ಪು ಹೇಳಿಬಿಡುತ್ತೇನೆ. ಯಾರೂ ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ.

ನಮ್ಮ ಪಾತ್ರೆ ವ್ಯಾಪಾರದಲ್ಲಿ ಒಂದು ಪದ್ಧತಿಯಿದೆ. ಗಿರಾಕಿ ಕುಕ್ಕರ್ ತೆಗೆದುಕೊಂಡು, ರೇಟು ಒಪ್ಪಿ, ಎದ್ದು ಹೊರಡುವಾಗ ಮೇಲೊಂದು ಸೌಟು ಕೇಳುತ್ತಾನೆ. ಕೊಟ್ಟುಬಿಡುವುದು. ನಮಗೆ ಭಾರವಿಲ್ಲ, ಅವನಿಗೆ ಗೆದ್ದ ಖುಷಿ. ಆ ಹೊತ್ತಿನಲ್ಲಿ ನನ್ನ ಬಾಯಿ ಅದೇ ರೂಢಿಯಲ್ಲಿ ಓಡಿತು. ಬಂಗಾರ ಉಳಿಸಿದೆ, ಹಾಲ್ ಉಳಿಸಿದೆ, ಇದರಲ್ಲಿ ಹೋಗುವುದೇನು? “ಅದೇನ್ ದೊಡ್ಡ ಮಾತಲ್ಲ ಬಿಡ್ರಿ. ಅಕ್ಕಗೂ ವಯಸ್ಸಾತು, ಎಷ್ಟ್ ದಿನ ಕುಟ್ಟತಾಳ” ಅಂದೆ.

ಹಾಗಂದು ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಶಾಂತಕ್ಕ. ಕೈಯಲ್ಲಿ ಸಕ್ಕರೆ ತಟ್ಟೆ.

ನನ್ನನ್ನು ಒಮ್ಮೆ ನೋಡಿ, ತಿರುಗಿ, ತಟ್ಟೆ ಸಮೇತ ಒಳಗೆ ಹೋದಳು.

ಹೊರಗೆ ಬಂದ ಸಕ್ಕರೆ ಒಳಗೆ ಹೋದದ್ದನ್ನು ನಾನು ನನ್ನ ಆಯುಷ್ಯದಲ್ಲಿ ನೋಡಿರಲಿಲ್ಲ. ಅವರೂ ನೋಡಿರಲಿಲ್ಲ. ಸೋದರಮಾವನ ಚಹಾ ಕಪ್ಪು ಬಾಯಿಯ ಹತ್ತಿರವೇ ನಿಂತಿತ್ತು.

ಎರಡು ನಿಮಿಷದಲ್ಲಿ ಮತ್ತೆ ಬಂದಳು. ಪರಾತದಲ್ಲಿ ಸಾಲಾಗಿ ಬಟ್ಟಲುಗಳು. ಮಾದಲಿ, ಮೇಲೆ ಬಿಸಿ ಹಾಲು, ತುಪ್ಪ. ಒಬ್ಬೊಬ್ಬರ ಮುಂದೆ ಇಟ್ಟಳು.

“ಇದು ಒಪ್ಪಿಗಿ ಸಿಹಿ ಅಲ್ರಿ,” ಅಂದಳು. “ಅಷ್ಟ್ ದೂರದಿಂದ ಬಂದೀರಿ, ಹಸಗೊಂಡು ಹೋಗಬಾರ್ದು. ತಿನ್ರಿ. ನನ್ನ ಮಗಳು ಓದಿದ್ದು ಇದರಾಗ. ನಾನು ಯಾರ ಮುಂದೂ ಕೈ ಒಡ್ಡದ ಬದುಕಿದ್ದು ಇದರಾಗ. ಇದನ್ನ ಬಿಡೂದು ಬಿಡದಿರೂದು ನನ್ನ ತಂಗಿ ಹೇಳೂ ಮಾತಲ್ಲ.”

ಕೊನೆಯ ವಾಕ್ಯ ನನಗೆ. ಚುಚ್ಚಿತು. ಚುಚ್ಚಬೇಕಾಗಿತ್ತು.

ಸೋದರಮಾವ ಒಂದು ಚಮಚ ಬಾಯಿಗಿಟ್ಟ. ಇನ್ನೊಂದಿಟ್ಟ. “ಇದನ್ನ ಎಲ್ಲೋ ತಿಂದೇನಿ ನೋಡ್ರಿ. ಸವದತ್ತಿ ದೇಸಾಯರ ಮದುವ್ಯಾಗೇನು?”

“ಹೌದ್ರಿ, ನಾನ ಕಳಿಸಿದ್ದೆ,” ಅಂದಳು ಶಾಂತಕ್ಕ.

“ಏ ಅಕ್ಕಾ, ಅವತ್ತ ನೀನೂ ಎರಡು ಸಲ ಹಾಕಿಸಿಕೊಂಡಿದ್ದೆಲ್ಲ,” ಅಂತ ಅವನು ತನ್ನ ಅಕ್ಕನಿಗೆ, ಅಂದರೆ ಹುಡುಗನ ತಾಯಿಗೆ, ಹೇಳಿಬಿಟ್ಟ. ಪಾಪ, ತುಪ್ಪದ ರುಚಿಯಲ್ಲಿ ಅವನಿಗೆ ಸಂದರ್ಭ ಮರೆತಿತ್ತು.

ಅವರ ಮುಖ ಕೆಂಪಾಯಿತು. ಬಟ್ಟಲನ್ನು ಬೆರಳ ತುದಿಯಿಂದ ಅತ್ತ ಸರಿಸಿದರು. “ತಿನ್ನೂದು ಬ್ಯಾರೆ, ಮಾಡೂದು ಬ್ಯಾರೆ.”

ನೋಡಿ, ಅವರು ಅಂದು ಆಡಿದ ಒಂದೇ ಖರೆ ಮಾತು ಇದು.

ಇಡೀ ರೋಗ ಇದರಲ್ಲೇ ಇದೆ. ನಮಗೆ ಮಾದಲಿಯ ಮೇಲೆ ಸಿಟ್ಟಿಲ್ಲ. ಅದೇ ಮಾದಲಿ ಬಣ್ಣದ ಡಬ್ಬಿಯಲ್ಲಿ, ಮೇಲೊಂದು ಅಜ್ಜಿಯ ಚಿತ್ರ ಹಾಕಿಕೊಂಡು, ಏರ್‌ಪೋರ್ಟಿನ ಅಂಗಡಿಯಲ್ಲಿ ಕುಳಿತರೆ ಇವರೇ ಕೊಂಡು ಪುಣೆಯವರಿಗೆ ಕೊಡುತ್ತಾರೆ. ಟ್ರೆಡಿಷನಲ್ ಅನ್ನುತ್ತಾರೆ. ಜೋಳದ ರೊಟ್ಟಿಗೆ ಹೋಟೆಲ್ಲಿನಲ್ಲಿ ಸೆಲ್ಫಿ ತೆಗೆಯುತ್ತಾರೆ. ಚಿತ್ರದ ಅಜ್ಜಿ ನಡೆಯುತ್ತದೆ. ಖರೆ ಅಜ್ಜಿ, ಕೈಯಲ್ಲಿ ಒನಕೆಯ ಜಡ್ಡು ಬಿದ್ದವಳು, ಬೀಗತಿಯಾಗಿ ಪಕ್ಕದಲ್ಲಿ ಕೂರಬಾರದು. ತಿನ್ನುವ ಬಾಯಿಗೆ ಇಲ್ಲದ ನಾಚಿಕೆ ಮಾಡುವ ಕೈಗೆ ಯಾಕಿರಬೇಕು?

ದೀಪಾ ತಾಯಿಯ ಪಕ್ಕಕ್ಕೆ ಬಂದು ನಿಂತಳು. ಈಗ ಹುಡುಗನ ಕಡೆ ತಿರುಗಿದಳು.

“ನೀವೇನಂತೀರಿ?”

ಹುಡುಗ ತಾಯಿಯನ್ನು ನೋಡಿದ. ಬಟ್ಟಲು ನೋಡಿದ. ನೆಲದ ಹಾಸುಗಲ್ಲು ನೋಡಿದ. (ಟೈಲ್ಸ್ ಅಂಗಡಿಯವನು, ಅಭ್ಯಾಸ.) “ಹಿರೇರು ಹೇಳಿದಂಗ…” ಅಂದ.

“ಹಂಗಾದ್ರ ಮಾದ್ಲಿ ಆರಾಕ ಹತ್ತೇತಿ, ತಿಂದು ಹೊಂಡ್ರಿ,” ಅಂದಳು ದೀಪಾ. ದನಿ ಏರಲಿಲ್ಲ. ಕಣ್ಣು ಮಾತ್ರ ತುಂಬಿದ್ದವು.

ಎಲ್ಲರೂ ನನ್ನನ್ನು ನೋಡಿದರು. ರಿಪೇರಿ ನನ್ನ ಕೆಲಸವಲ್ಲವೇ? ಸೋದರಮಾವ ಕಣ್ಸನ್ನೆಯನ್ನೂ ಮಾಡಿದ. ನಾನು ಮನಸ್ಸು ಮಾಡಿದ್ದರೆ ಹೊಂದಿಸುತ್ತಿದ್ದೆ. ಒಂದು ವರ್ಷ ಸುಮ್ಮನಿರೋಣ, ಬೇರೆಯವರ ಹೆಸರಿನಲ್ಲಿ ಮಾಡೋಣ, ಹೀಗೆ ನೂರು ದಾರಿ ನನ್ನ ಸೆರಗಿನ ಗಂಟಿನಲ್ಲಿದ್ದವು. ಆದರೆ ಕೈ ಜೋಡಿಸಿ ಎದ್ದು ನಿಂತೆ. “ನಾ ಆಡಿದ ಮಾತು ವಾಪಸ್ ತೊಗೊಂಡೆನ್ರಿ. ಅದು ನನ್ನ ಮಾಲಲ್ಲ, ಮಾರಾಕ ಹೋಗಿದ್ದ ತಪ್ಪು,” ಅಂದೆ.

ಅವರು ಹೋದರು. ನನಗೆ ಶಾಂತಕ್ಕನ ಮುಖ ನೋಡುವ ಧೈರ್ಯವಿರಲಿಲ್ಲ. ಅವಳೇ ಒಳಗಿಂದ ಕರೆದಳು. “ಬುಧವಾರ ಎರಡು ಮದುವಿ ಅದಾವು. ಸುಮ್ಮನ ಕುಂತಿ ಯಾಕ, ಜರಡಿ ಹಿಡಿ ಬಾ.” ಹಿಡಿದೆ. ಸಂಜೆಯವರೆಗೆ ಹಿಡಿದೆ. ನಡುವೆ ಒಂದು ಸಲ, “ಮಗಳ ಮದುವಿ ನಾ ಕೆಡಿಸಿದೆ ಅಂತ ಅನಸ್ತದೇನು ನಿನಗ?” ಅಂತ ಕೇಳಿದೆ. ಕುಟ್ಟುವುದನ್ನು ನಿಲ್ಲಿಸದೆ, “ಬಾಳು ಕೆಡೂದನ್ನ ದೀಪಾನ ತಪ್ಪಿಸಿದ್ಲು. ನೀನೇನ್ ಮಾಡಿದಿ?” ಅಂದಳು. ನಾನು ಜರಡಿಗೆ ಇನ್ನೊಂದು ಹಿಡಿ ಸುರಿದೆ.

ದೀಪಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಧೈರ್ಯದಿಂದ ಹೊಟ್ಟೆ ತುಂಬುವುದಿಲ್ಲ. ಮೂರನೆಯ ದಿನ ಒಂದು ಬಟ್ಟಲು ಮಾದಲಿ, ಹಾಲಿಲ್ಲದೆ, ಬರೀ ತುಪ್ಪ ಹಾಕಿಕೊಂಡು ತಿಂದು ಶಾಲೆಗೆ ಹೋದಳು. ಗುರುವಾರ ಹುಡುಗನ ಫೋನು ಬಂತಂತೆ. “ಅವ್ವನ್ನ ಒಪ್ಪಿಸ್ತೇನಿ, ಸ್ವಲ್ಪ ದಿನ ಕೊಡು” ಅಂದನಂತೆ. “ಮೊದಲ ನೀವು ಒಪ್ರಿ” ಅಂದಳಂತೆ ಇವಳು. ಗಣಿತದ ಟೀಚರ್. ಮೊದಲ ಹೆಜ್ಜೆ ಬಿಟ್ಟು ಎರಡನೆಯದಕ್ಕೆ ಹೋಗುವವಳಲ್ಲ.

ಹೆಣ್ಣುಮಕ್ಕಳ ತಾಯಂದಿರಿಗೆ ನನ್ನದೊಂದು ಸಲಹೆ. ಪುಕ್ಕಟೆ, ತೆಗೆದುಕೊಳ್ಳಿ. ಮಾತುಕತೆಗೆ ಕುಳಿತಾಗ ತೊಲ, ಹಾಲ್ ಬಾಡಿಗೆ, ಮಂದಿ, ಇವೆಲ್ಲ ಕಡೆಗೆ ಇರಲಿ. ಮೊದಲು ಕೇಳಿ, ನಮ್ಮಲ್ಲಿ ನಿಮಗೆ ಯಾವುದರ ನಾಚಿಕೆ ಇದೆ ಅಂತ. ಉತ್ತರ ಬಂದ ಮೇಲೆ ಚಹಾ ಇಡುವುದೋ ಬೇಡವೋ ನೋಡಿದರಾಯಿತು. ಮೂರು ತಾಸು ಉಳಿಯುತ್ತದೆ. ನನ್ನಂಥ ಜಾಣೆಯನ್ನು ಜತೆಗೆ ಕರೆದೊಯ್ಯುವವರು ಅವಳ ಬಾಯಿಯ ಮೇಲೂ ಒಂದು ಕಣ್ಣಿಟ್ಟಿರಿ.

ಮತ್ತೆ ಫೋನ್ ಮಾಡಿ ಬೈಯಲು ಕಾದಿರುವ ನಂಟರಿಗೆ: ಕಿತ್ತೂರಿನವರು ಬರುವುದಾದರೆ ಬರಲಿ, ಬಾಗಿಲು ಮುಚ್ಚಿಲ್ಲ. ಬಂಗಾರ ಇನ್ನೂ ಇಳಿಸಲು ಹೋಗುವುದಿಲ್ಲ, ಬೇಕಾದರೆ ಹಾಲ್‌ನ ಬಾಡಿಗೆ ಪೂರ್ತಿ ನಾವೇ ಕೊಡೋಣ. ಆದರೆ ಮದುವೆಯ ಪಂಕ್ತಿಯಲ್ಲಿ ಮಾದಲಿ ಇರುತ್ತದೆ, ಬಡಿಸುವವಳು ಹೆಣ್ಣಿನ ತಾಯಿ, ಮೊದಲ ಎಲೆ ಗಂಡಿನ ತಾಯಿಯದು.

ಇದರಲ್ಲಿ ಚೌಕಾಸಿ ಇಲ್ಲ.