ಡೇರಿಯ ಎರಡನೇ ಪರದೆ

ಫೋನು ಬಂದಾಗ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಶೀಳನೆರೆ ಹೋಬಳಿಯ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ನಮ್ಮಕ್ಕ ಸೆಕ್ರೆಟರಿ. "ಎರಡ್ನೇ ಪರ್ದೆ ಬತ್ತಾ ಇಲ್ಲ ಕಣ್ಲಾ. ಜನ ಹಾಲು ಉಯ್ಯದೆ ನಿಂತವ್ರೆ," ಅಂದಳು.

ಯಾಕೆ ಬರುತ್ತಿಲ್ಲ ಅನ್ನುವುದು ನನಗೆ ಗೊತ್ತಿತ್ತಲ್ಲ! ಆದರೂ ಬಾಯಿಂದ ಬಂದದ್ದು ಸುಳ್ಳು: "ಕೇಬಲ್ಲು ಸಡ್ಲ ಆಗಿರ್ಬೇಕು ಬುಡಕ್ಕ, ಬಂದೆ."

ಆ ಪರದೆಯೆಂದರೆ ಅಕ್ಕ ಊರಿಗೆ ಕೊಟ್ಟ ಮಾತು. ಅವಳಿಗಿಂತ ಮುಂಚೆ ಇದ್ದವನು ಹಾಲಿನ ದರ ತೀರ್ಮಾನಿಸುವ ಫ್ಯಾಟನ್ನು, ಅಂದರೆ ಕೊಬ್ಬಿನಂಶವನ್ನು, ತಾನೊಬ್ಬನೇ ನೋಡಿ, ಬಾಯಿಗೆ ಬಂದದ್ದನ್ನು ಹೇಳುತ್ತಿದ್ದ. ಅಕ್ಕ ಬಂದವಳೇ, "ನನ್ ಮುಂದಿರೋ ಅಂಕಿ ನಿಮ್ ಮುಂದೂ ಇರ್ತದೆ. ಇಲ್ದಿದ್ದ ದಿನ ನನ್ನ ನಂಬ್ಬ್ಯಾಡಿ" ಅಂದುಬಿಟ್ಟಳು. ಕೆ.ಆರ್. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನಾನು ಡೇರಿಯ ಹಳೇ ಕಂಪ್ಯೂಟರಿಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಇನ್ನೊಂದನ್ನು ಸಿಕ್ಕಿಸಿ, ಕಿಟಕಿಯಲ್ಲಿ ಜನರ ಕಡೆಗೆ ಮುಖ ಮಾಡಿ ಎರಡನೇ ಪರದೆ ನಿಲ್ಲಿಸಿದೆ.

ಸಿಕ್ಕಿಸಿದರೆ ಮುಗಿಯಲಿಲ್ಲ. ಸ್ವಿಚ್ಚು ಹಾಕಿದಾಗ ಆ ಕಂಪ್ಯೂಟರು ಮೊದಲ ಕಾರ್ಡನ್ನು ಮಾತ್ರ ತಾನಾಗಿ ಎಬ್ಬಿಸುತ್ತದೆ. ಎರಡನೆಯದು ಮಲಗೇ ಇರುತ್ತದೆ. ಅದನ್ನು ಎಬ್ಬಿಸಬೇಕಾದದ್ದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು. ಎಬ್ಬಿಸುವ ಕ್ರಮವನ್ನು ಕಾರ್ಡಿನ ಮೇಲಿನ ಒಂದು ಚಿಪ್ಪಿನಲ್ಲೇ ಬರೆದಿರುತ್ತಾರೆ. ಕರ್ನಲ್ ಅದನ್ನು ಓದಿ ನಡೆಸಬೇಕು. ಆ ಓಬೀರಾಯನ ಕಾಲದ ಕಾರ್ಡಿನ ಕ್ರಮ ಓದಿಸಲು ಹದಿನೈದು ದಿನ ಒದ್ದಾಡಿ, ಕರ್ನಲ್ಲಿಗೆ ನನ್ನದೇ ನಾಲ್ಕು ಸಾಲು ಕೋಡ್ ಸೇರಿಸಿದ್ದೆ. ಪರದೆ ಬೆಳಗಿದ ದಿನ ನಾನು ಮೀಸೆ ತಿರುವಿದ್ದೇ ತಿರುವಿದ್ದು.

ಫೋನು ಬಂದದ್ದರ ಹಿಂದಿನ ದಿನ ಭಾನುವಾರ. ಅಕ್ಕನ ಮನೆಗೆ ಊಟಕ್ಕೆ ಹೋದವನು ಡೇರಿಗೂ ಇಣುಕಿ, ಕೈ ಸುಮ್ಮನಿರಲಾರದೆ ಅಪ್‌ಡೇಟ್ ಒತ್ತಿದೆ. ಹೊಸ ಕರ್ನಲ್ ಬಂತು. ಅದರಲ್ಲಿ ನನ್ನ ನಾಲ್ಕು ಸಾಲು ಇರಲಿಲ್ಲ. ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಬೇಕಿತ್ತು. ಕೋಳಿ ಸಾರು ಆರಿಹೋಗುತ್ತದೆಂದು ಎದ್ದುಹೋದೆ, ಹೊಟ್ಟೆಬಾಕ! ಆನ್ ಆಗಿದ್ದ ಯಂತ್ರ ಹಳೇ ಕರ್ನಲ್ಲಿನಲ್ಲೇ ಓಡುತ್ತಿದ್ದುದರಿಂದ ಸಂಜೆ ಏನೂ ತಿಳಿಯಲಿಲ್ಲ. ಬೆಳಿಗ್ಗೆ ಸ್ವಿಚ್ಚು ಹಾಕಿದಾಗ ಹೊಸದು ಬಂತು, ಪರದೆ ಕಪ್ಪಾಯಿತು.

ಬೈಕು ನಿಲ್ಲಿಸಿದಾಗ ಡೇರಿ ಮುಂದೆ ಅರ್ಧ ಊರೇ ಇತ್ತು. ಇನ್ನು ಸ್ವಲ್ಪ ಹೊತ್ತಿಗೆ ಹಾಲಿನ ಟೆಂಪೊ ಬರುವುದಿತ್ತು. ಅಕ್ಕ ಖಾಲಿ ಕ್ಯಾನುಗಳ ಪಕ್ಕ ಕೈಕಟ್ಟಿ ನಿಂತಿದ್ದಳು. ನಾನು ಯಾರ ಮುಖವನ್ನೂ ನೋಡದೆ ಕುಳಿತು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದೆ. ಅಕ್ಕನ ಮುಂದಿನ ಪರದೆಯೂ ಕಪ್ಪಾಯಿತು.

"ಅಗಾ, ಇದ್ದುದೂ ಓಯ್ತು!" ಅಂದರು ಯಾರೋ.

ಶುರುವಾಗುವಾಗ ತೋರಿಸುವ ಪಟ್ಟಿಯಲ್ಲಿ ಹಳೇ ಕರ್ನಲ್ ಇನ್ನೂ ಇತ್ತು, ಪುಣ್ಯ. ಆರಿಸಿ ಒತ್ತಿದೆ. ಅಕ್ಷರಗಳು ಒಂದೊಂದಾಗಿ ಮೇಲೆ ಸರಿದವು. ಕಿಟಕಿಯ ಪರದೆ ಒಮ್ಮೆ ಮಿನುಗಿ, ಆರಿ, ಬೆಳಗಿತು.

ಆದರೆ ಸಾಲಿನ ಮೊದಲಲ್ಲಿದ್ದ ಹಿರಿಯರೊಬ್ಬರು ಕ್ಯಾನು ಎತ್ತಲಿಲ್ಲ. "ಕೇಬಲ್ಲು ಸಡ್ಲ ಅಂದ್ಯಲ್ಲವ್ವ," ಅಂದರು ಅಕ್ಕನಿಗೆ. "ನಿನ್ ತಮ್ಮ ಕೇಬಲ್ ಮುಟ್ನೇ ಇಲ್ಲ. ಕುಂತ್ಕಂಡು ಏನೋ ಒತ್ತುದ, ಬಂದ್ಬುಡ್ತು. ಅಂದ್ರೆ ಪರ್ದೆ ಆರ್ಸೋದೂ ನಿಮ್ ಕೈಲೇ ಅದೆ."

ಹಿಂದಿದ್ದವರೆಲ್ಲ "ಔದು, ಔದು" ಅಂದರು. ಅಕ್ಕನ ಮುಖ ಸುಣ್ಣವಾಯಿತು. ಸುಳ್ಳು ನನ್ನದು, ಸಿಕ್ಕಿಬಿದ್ದವಳು ಅವಳು. ಬಾಯಿಬಿಟ್ಟರೆ ನನ್ನ ಅಂಗಡಿಗೆ ಯಾರು ಬರುತ್ತಾರೆ? ಸುತ್ತಿನ ನಾಲ್ಕು ಡೇರಿಗಳ ಕೆಲಸ ನನ್ನದೇ. ನಾಚಿಕೆಗೆಟ್ಟವನು, ಆ ಹೊತ್ತಿನಲ್ಲೂ ಅದನ್ನೇ ಯೋಚಿಸುತ್ತಿದ್ದೆ. ಟೆಂಪೊದ ಹಾರನ್ ಕೇಳಿಸಿತು.

"ತಪ್ಪು ನಂದು," ಅಂದೆ. "ನೆನ್ನೆ ನಾನೇ ಒಳಗೆ ಬದಲಾಯ್ಸಿ, ನೋಡ್ದೆ ಎದ್ದೋದೆ. ಅಕ್ಕಂಗೆ ಗೊತ್ತಿಲ್ಲ. ಕೇಬಲ್ಲು ಅಂತ ಅವ್ಳಿಗೆ ಯೋಳ್ದೋನೂ ನಾನೇ."

"ದಿಟ್ವೇನವ್ವ?" ಹಿರಿಯರು ಅಕ್ಕನನ್ನೇ ಕೇಳಿದರು.

ಹೂಂ ಅಂದಿದ್ದರೆ ಸಾಕಿತ್ತು. ಅಕ್ಕ ನನ್ನನ್ನು ಒಂದು ಗಳಿಗೆ ನೋಡಿದಳು. "ನಂಗೊತ್ತಿಲ್ಲ ಮಾವ. ಒತ್ತಾರೆ ನಂಗೇ ಸುಳ್ಳು ಯೋಳವ್ನೆ. ಈಗ ಯೋಳ್ತಿರೋದು ದಿಟ ಅಂತ ಎಂಗೆ ಅನ್ಲಿ? ಇವನ್ ಮಾತ ನಂಬಿ ನಿಮ್ಗೆ ಯೋಳ್ದೆ ನೋಡಿ, ಅದು ನನ್ ತಪ್ಪು."

ಹಿರಿಯರು ಕ್ಯಾನು ಎತ್ತಿದರು. "ತಮ್ಮ ಅಂತ ವಯಿಸ್ಕಳ್ನಿಲ್ಲ ನೀನು. ಹಾಲ್ ಅಳೆಯವ್ವ," ಅಂದು ಹಾಲು ಸುರಿದರು.

ಸಾಲು ಮುಂದೆ ಸರಿಯಿತು. ಅಕ್ಕ ಒಂದೊಂದೇ ಅಂಕಿಯನ್ನು ಜೋರಾಗಿ ಓದಿ ಹೇಳುತ್ತಾ ಹೋದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಕ್ಯಾನು ತುಂಬಿಕೊಂಡು ಟೆಂಪೊ ಹೋದಮೇಲೂ ಅವಳು ನನ್ನ ಕಡೆ ತಿರುಗಲಿಲ್ಲ.