ಅಟ್ಟದ ಹಳೇ ಹಲಗೆ

ಹಳೇ ಅಟ್ಟದ ಹಲಗೆ ಕಿತ್ತಾಗ ಬರುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಹೊಗೆ, ಹುಣಸೆಹಣ್ಣು, ಇಲಿ ಮೂರೂ ಸೇರಿದ ವಾಸನೆ ಅದು. ನಮ್ಮ ಅಡುಗೆಮನೆಯ ಅಟ್ಟಕ್ಕೆ ಗೆದ್ದಲು ಹಿಡಿದಿತ್ತು. ಮೊನ್ನೆ ಗೌನಿಪಲ್ಲಿಯ ಬಡಗಿ ಮಸ್ತಾನ್ ಸಾಬ್ ಹಲಗೆ ಬದಲಾಯಿಸಲು ಬಂದ. ಮೇಲೆ ಮೆತ್ತಿದ್ದ ಮಣ್ಣು ಕೆರೆದು ಒಂದೊಂದೇ ಹಲಗೆ ಎಬ್ಬಿಸುತ್ತಿದ್ದ. ನಾನು ಕೆಳಗೆ ಮೂಗಿಗೆ ಸೆರಗು ಹಿಡಿದು ಕೂತಿದ್ದೆ. ಆ ವಾಸನೆಗೆ ನನ್ನ ಅತ್ತೆ ನೆನಪಾದಳು. ಸತ್ತು ಎಷ್ಟೋ ವರ್ಷವಾಯಿತು, ಅಳುವಂಥದ್ದೇನೂ ಇಲ್ಲ.

ನಾನು ಈ ಮನೆಗೆ ಬಂದ ಮೊದಲ ಬೇಸಿಗೆ. ಅಟ್ಟದ ತುಂಬ ಹುಲ್ಲು ಹಾಸಿ ಮಾವಿನಕಾಯಿ ಹಣ್ಣಿಗೆ ಹಾಕಿದ್ದರು. ಮೊದಲ ಹಣ್ಣು ಕುರುಡುಮಲೆ ಗಣಪನಿಗೆ. ಅದಕ್ಕೆ ಮುಂಚೆ ಯಾರೂ ಮುಟ್ಟಬಾರದೆಂದು ಮಾವನ ಕಟ್ಟಳೆ. ಮೀರಿದ ಸೊಸೆಯನ್ನು ತವರಿಗೆ ಅಟ್ಟಲು ಹಿಂದೆಮುಂದೆ ನೋಡದ ಆಸಾಮಿ. ನಾನೋ ತಿನ್ನುವುದರಲ್ಲಿ ಮುಂದು. ಏಣಿ ಹತ್ತಿ ಒಂದು ಹಣ್ಣಿಗೆ ಬಾಯಿ ಹಾಕಿದ್ದೇ ತಡ, ಹುಳ ತಿಂದ ಹಲಗೆ ಮುರಿಯಿತು. ಬಲಗಾಲು ಕೆಳಗಿಳಿದು ಒಲೆಯ ಮೇಲೆ ನೇತಾಡಿತು.

ಕೆಳಗೆ ಸಾರು ಕುದಿಸುತ್ತಿದ್ದ ಅತ್ತೆ ಕಿರುಚಲಿಲ್ಲ.

"ಲೇ, ಕಾಲು ಅಲ್ಲಾಡಿಸ್ಬೇಡ ಕಣೇ, ಸಾರಿಗೆ ಮಣ್ಣು ಬೀಳ್ತದೆ" ಅಂದಳು.

ಮೊದಲು ಮಡಕೆ ಇಳಿಸಿ, ಆಮೇಲೆ ಮೇಲೆ ಬಂದು ನನ್ನನ್ನು ಎಳೆದಳು.

"ಹಣ್ಣು ಸಿಹಿ ಇತ್ತಾ?"

"ಹುಳಿ, ಅತ್ತೆ."

"ಹುಳಿ ಹಣ್ಣಿಗೆ ಕಾಲು ಮುರ್ಕೊಳ್ತಿದ್ದೆ. ಹೋಗು, ಒಲೆ ನೋಡು."

ಮಾವ ಹೊಲದಿಂದ ಬರುವಷ್ಟರಲ್ಲಿ ತೂತು ಇರಲಿಲ್ಲ. ಏನೋ ತುಂಡು ಬಡಿದು ಮಣ್ಣು ಮೆತ್ತಿ ಸಾರಿಸಿದ್ದಳು. ಯಾವ ತುಂಡೆಂದು ನಾನು ಕೇಳಲೂ ಇಲ್ಲ. ಮರುದಿನದಿಂದ ಅವಳು ತವರಿನಿಂದ ತಂದಿದ್ದ, ಹಿತ್ತಾಳೆ ಹೂವಿನ ಊಟದ ಮಣೆ ಕಾಣೆ. ಮಾವ ಕೇಳಿದರೆ, "ವಕ್ಕಲೇರಿಗೆ, ಮಗಳಿಗೆ ಕಳಿಸ್ದೆ" ಅಂದಳು. ನನಗೆ ಹೊಟ್ಟೆ ಉರಿಯಿತು. ಜಗಳವಾದಾಗಲೆಲ್ಲ, "ಮಣೆ ಮಗಳಿಗೆ ಕೊಟ್ರಿ, ಸೊಸೆಗೇನು ಇಟ್ಟಿದ್ದೀರಿ?" ಎಂದು ಚುಚ್ಚುತ್ತಿದ್ದೆ. "ಹೂಂ, ಕೊಟ್ಟೆ" ಎಂದು ಅವಳು ಬರಿ ನೆಲದ ಮೇಲೆ ಕೂತು ಮುದ್ದೆ ನುಂಗುತ್ತಿದ್ದಳು. ಸಾಯುವವರೆಗೂ ಹಾಗೇ.

"ಅಮ್ಮಾ, ಇದು ಹಲಗೆ ಅಲ್ಲ, ನೋಡಿ" ಎಂದು ಮಸ್ತಾನ್ ಒಂದು ತುಂಡು ಕೆಳಗೆ ಕೊಟ್ಟ. ಮಣ್ಣು ಒರೆಸಿದೆ. ಹಲಸಿನ ಮಣೆ. ಮೂಲೆಗಳಲ್ಲಿ ಹಿತ್ತಾಳೆ ಹೂ, ಅಡಿಯಲ್ಲಿ ಕಾಲುಪಟ್ಟಿ ಕಿತ್ತ ಗುರುತು. ಗೆದ್ದಲು ಮುಟ್ಟಿರಲಿಲ್ಲ.

"ಇಂಥ ಮಣೆ ಇಲ್ಲಿ ಯಾರಮ್ಮಾ ಬಡ್ದಿದ್ದು?"

"ನಮ್ಮತ್ತೆ. ನನಗೂ ಹೇಳ್ಲಿಲ್ಲ, ಮುದುಕಿ."

ಹೇಳಿದ್ದರೆ ನಾನು ಅಷ್ಟು ವರ್ಷ ಚುಚ್ಚುತ್ತಿರಲಿಲ್ಲ. ಆದರೆ ಮೊದಲ ಜಗಳದಲ್ಲೇ ಮಾವನ ಮುಂದೆ ಎಲ್ಲ ಒದರಿ ತವರು ಸೇರುತ್ತಿದ್ದೆ. ನನ್ನ ಬಾಯಿ ಎಂಥದ್ದೆಂದು ಅವಳಿಗೆ ಗೊತ್ತಿತ್ತು.

ಅಟ್ಟಕ್ಕೆ ಹೊಸ ಹಲಗೆ ಬಿದ್ದವು. ಮಣೆಗೂ ಕಾಲುಪಟ್ಟಿ ಹೊಡೆಸಿದೆ. ಈ ವರ್ಷದ ಹಣ್ಣು ಕುರುಡುಮಲೆಗೆ ಇನ್ನೂ ಹೋಗಿರಲಿಲ್ಲ. ಒಂದು ತೆಗೆದುಕೊಂಡು ಮಣೆಯ ಮೇಲೆ ಕೂತು ತಿಂದೆ. ಇದೂ ಹುಳಿಯೇ. ಮಂಡಿ ಹಿಡಿದುಕೊಂಡಿತು, ಏಳಲಾಗಲಿಲ್ಲ.

"ಕೈ ಕೊಡಿ ಅಮ್ಮಾ, ಎಬ್ಬಿಸ್ತೀನಿ" ಅಂದ ಮಸ್ತಾನ್.

"ಇರಪ್ಪಾ, ಇನ್ನೊಂದು ಸ್ವಲ್ಪ ಕೂತಿರ್ತೀನಿ" ಅಂದೆ.