ಜಾಮೀನುದಾರ ನೋಡಿದ ಸಿನಿಮಾ

ಸಿನಿಮಾ ನೋಡುವುದಕ್ಕಿಂತ, ನೋಡಿ ಬಂದವರ ಮಾತು ಕೇಳುವುದು ನನಗೆ ಹೆಚ್ಚು ಇಷ್ಟ. ಒಂದೇ ಪರದೆಯ ಮುಂದೆ ಕೂತು ಎದ್ದ ನಾಲ್ಕು ಜನ ನಾಲ್ಕು ಸಿನಿಮಾ ನೋಡಿರುತ್ತಾರೆ. ದರ್ಜಿಯಾದವನು ನಾಯಕಿಯ ಕುಪ್ಪಸದ ತೋಳು ನೋಡಿರುತ್ತಾನೆ. ಮೇಕೆ ಕಾಯುವವನು ಹಾಡಿನ ಹಿಂದೆ ಕಂಡ ಹುಲ್ಲುಗಾವಲು ನೋಡಿ, ಇಷ್ಟೊಂದು ಹುಲ್ಲಿದ್ದೂ ಇವರು ಅದರ ಮೇಲೆ ಉರುಳಾಡಿ ಹಾಳು ಮಾಡುತ್ತಾರಲ್ಲ ಎಂದು ನೊಂದುಕೊಂಡಿರುತ್ತಾನೆ.

ಜೈಲಿನಿಂದ ತಪ್ಪಿಸಿಕೊಂಡು ಹೋಗುವವನ ಒಂದು ಹಳೆಯ ಇಂಗ್ಲಿಷ್ ಸಿನಿಮಾ ಇದೆ. ಓದಿದವರು ಬಹಳ ಮೆಚ್ಚುತ್ತಾರೆ. ಮೈಸೂರಿನ ಗೆಳೆಯರು ಅದರ ಬಗ್ಗೆ ಸ್ವಾತಂತ್ರ್ಯ, ಛಲ, ಮನುಷ್ಯನ ಚೈತನ್ಯ ಎಂದೆಲ್ಲ ಹೇಳುವಾಗ ನಾನು ತಲೆಯಾಡಿಸುತ್ತೇನೆ. ಎದುರಾಡಲು ನನಗೆ ಮುಖವಿಲ್ಲ. ಅವರೆಲ್ಲ ಅದನ್ನು ಕಲಾಭಿಮಾನಿಗಳಾಗಿ ನೋಡಿದವರು. ನಾನು ನೋಡಿದ್ದು ಜಾಮೀನುದಾರನಾಗಿ.

ಹೆಗ್ಗಡದೇವನಕೋಟೆಯಿಂದ ಕಾಡಿನ ಕಡೆಗೆ ಹೋದರೆ ನಮ್ಮೂರು. ಕಾಡು ದಾಟಿದರೆ ಕೇರಳ. ನಮ್ಮ ಮನೆಯಲ್ಲಿರಲಿ, ನಮ್ಮ ಬೀದಿಯಲ್ಲೇ ಬಿ.ಎ. ಮಾಡಿದ ಮೊದಲನೆಯವನು ನಾನು. ಹುಣಸೂರಿನಲ್ಲಿ ಹಾಸ್ಟೆಲಿನ ಮುದ್ದೆ ತಿಂದು, ಇಂಗ್ಲಿಷನ್ನು ಮೂರನೆಯ ಸಲಕ್ಕೆ ದಾಟಿ ಸಂಪಾದಿಸಿದ ಪದವಿ. ಹೇಳಿಕೊಳ್ಳಲು ಸಂಕೋಚವಿಲ್ಲ. ಅವ್ವ ಆ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದಳು. ಶುಕ್ರವಾರ ಅದಕ್ಕೂ ಒಂದು ಹೂವು ಸಿಗುತ್ತಿತ್ತು. ಪದವಿ ಬಂದ ಮೇಲೆ ಊರಿನ ಅರ್ಜಿಗಳೆಲ್ಲ ನನ್ನ ಪಾಲಾದವು. ಹಾಗೆ ಬಂದದ್ದೇ ಬೋರಣ್ಣನ ಅರ್ಜಿ.

ಬೋರಣ್ಣನ ಮನೆ ನಮ್ಮ ಮನೆಗೆ ಎರಡು ಮನೆ ಆಚೆ. ಬದುವಿನ ಜಗಳದಲ್ಲಿ ಅವನ ಕೈಯಿಂದ ಒಂದು ಜೀವ ಹೋಗಿತ್ತು. ಮೈಸೂರಿನ ಜೈಲಿನಲ್ಲಿ ಆರು ವರ್ಷ ಕಳೆದಿದ್ದ, ಇನ್ನೂ ಬಹಳ ವರ್ಷ ಉಳಿದಿದ್ದವು. ಹಿಂದಿನ ಮಳೆಗೆ ಅವನ ಮನೆಯ ಮುಂಗೋಡೆ ಕುಸಿದು, ಹೆಂಡತಿ ಕೆಂಪಕ್ಕ ಗೋಡೆಯ ಜಾಗಕ್ಕೆ ಗೋಣಿತಾಟು ಕಟ್ಟಿಕೊಂಡು ಬದುಕುತ್ತಿದ್ದಳು. ಗೋಡೆ ಕಟ್ಟಿಕೊಳ್ಳಲು ಹದಿನೈದು ದಿನ ಪೆರೋಲ್ ಮೇಲೆ ಬಿಡಬೇಕೆಂದು ನಾನೇ ಅರ್ಜಿ ಬರೆದೆ. ಗಡುವಿಗೆ ಸರಿಯಾಗಿ ವಾಪಸು ಬರುತ್ತಾನೆಂದು ಯಾರಾದರೂ ಜಾಮೀನು ನಿಲ್ಲಬೇಕಿತ್ತು. ಓದಿದವನ ರುಜುವಾದರೆ ತೂಕ ಜಾಸ್ತಿ ಎಂದರು. ಉಬ್ಬಿಹೋಗಿ ಹಾಕಿದೆ. ಹಾಕಿದ ಮೇಲೆ ನೆನಪಾಯಿತು: ನನಗೆ ಸಿಗಲಿದ್ದ ಮೇಷ್ಟ್ರ ಕೆಲಸದ ಕಾಗದ ಪೊಲೀಸರ ವಿಚಾರಣೆಗೆ ಬಂದು ಕೂತಿತ್ತು. ಬೋರಣ್ಣ ಕಾಡು ಹೊಕ್ಕರೆ ಅವರು ಮೊದಲು ತಟ್ಟುವುದು ನಮ್ಮ ಮನೆಯ ಬಾಗಿಲು.

ಮಣ್ಣಿನ ಗೋಡೆಗೆ ಅವಸರ ಆಗುವುದಿಲ್ಲ. ಒಂದು ಮೊಳ ಏರಿಸಿ, ಒಣಗಲು ಬಿಟ್ಟು, ಮೇಲೆ ಇನ್ನೊಂದು ಮೊಳ. ಆ ಹದಿನಾಲ್ಕು ದಿನ ನಾನು ಏನೇನೋ ನೆಪದಲ್ಲಿ ಅವನ ಮನೆಯ ಮುಂದೆ ಓಡಾಡಿ, ಗೋಡೆ ನೋಡುವವನ ಹಾಗೆ ಬೋರಣ್ಣನನ್ನು ನೋಡಿಕೊಂಡು ಬರುತ್ತಿದ್ದೆ.

ಅವನು ಹಿಂತಿರುಗಬೇಕಾದದ್ದು ಸೋಮವಾರ. ಭಾನುವಾರ ಬೀದಿಯವರು ಸೇರಿ ಹೆಗ್ಗಡದೇವನಕೋಟೆಯಿಂದ ಟಿವಿ, ಕ್ಯಾಸೆಟ್ ಹಾಕುವ ವಿಸಿಪಿ ಬಾಡಿಗೆಗೆ ತಂದರು. ಎರಡು ಕನ್ನಡ ಸಿನಿಮಾ ತೆಗೆದುಕೊಂಡರೆ ಒಂದು ಇಂಗ್ಲಿಷ್ ಕ್ಯಾಸೆಟ್ ಪುಕ್ಕಟೆ. ಹಗಲಿನಲ್ಲಿ ಕತ್ತಲೆ ಬೇಕಲ್ಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಖಾಲಿ ಬಿದ್ದಿತ್ತು. ಸೊಪ್ಪಿನ ಕಾಲ ಮುಗಿದ ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಒಂದು ಕೋಣೆ. ಮೇಲಿನ ಗಾಳಿಕಂಡಿಯಿಂದ ಒಂದು ಕೋಲು ಬಿಸಿಲು ಓರೆಯಾಗಿ ಇಳಿದಿತ್ತು, ಅದರೊಳಗೆ ಧೂಳು ನಿಧಾನವಾಗಿ ತಿರುಗುತ್ತಿತ್ತು. ಗೋಡೆಗಳಲ್ಲಿ ಬೆಂದ ಎಲೆಯ ಸಿಹಿ ವಾಸನೆ. ಅಲ್ಲಿ ಸುಮ್ಮನೆ ಕೂತರೂ ಮಂಪರು ಬರುತ್ತಿತ್ತು.

ಕನ್ನಡದವೆರಡೂ ಮುಗಿದು ಪುಕ್ಕಟೆಯದು ಶುರುವಾಗುವಾಗ ಬೋರಣ್ಣ ಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದು ಬಾಗಿಲ ಬಳಿ ಕೂತ. ತೆರೆಯ ಮೇಲೆ ಜೈಲು ಕಂಡದ್ದೇ ತಡ, ನನ್ನ ಮಂಪರು ಹಾರಿಹೋಯಿತು.

“ಬಿ.ಎ. ಮಾಡಿರೋನು ಇಲ್ಲೇ ಅವ್ನಲ್ಲ, ಕತೆ ಯೋಳ್ಲಿ,” ಎಂದ ಬಾವಿ ತೋಡುವ ನಿಂಗಯ್ಯ.

ಆ ಇಂಗ್ಲಿಷಿನಲ್ಲಿ ನನಗೆ ಹತ್ತು ಮಾತಿಗೆ ಎರಡು ಸಿಕ್ಕುತ್ತಿದ್ದವು. ಉಳಿದ ಎಂಟನ್ನು ಪದವಿಯ ಧೈರ್ಯದಿಂದ ತುಂಬಿದೆ. ಸದ್ಯ, ಮಾತು ಕಡಿಮೆಯಿತ್ತು. ಒಬ್ಬ ಕೈದಿ ಮಂಚದ ಕೆಳಗಿನ ಗೋಡೆಯನ್ನು ಒಂದು ಕಬ್ಬಿಣದ ಚೂರಿನಿಂದ ದಿನಾ ಇಷ್ಟಿಷ್ಟೇ ಕೆರೆಯುತ್ತಾನೆ. ಮಳೆ ಬರುತ್ತದೆ, ಹೋಗುತ್ತದೆ. ಅವನ ಕೂದಲು ನರೆಯುತ್ತದೆ. ಕೆರೆಯುವ ಸದ್ದನ್ನೇ ಕೇಳುತ್ತ ಕೇಳುತ್ತ, ಇತಿಹಾಸ ಓದಿದವನಾದ ನನ್ನ ಮನಸ್ಸು ಎಲ್ಲಿಗೋ ತೇಲಿತು. ಹೊರಗಿನವರು ಒಳಗೆ ಬರಬಾರದೆಂದು ರಾಜರು ಕಟ್ಟಿಸಿದ್ದೂ ಗೋಡೆ, ಒಳಗಿನವರು ಹೊರಗೆ ಹೋಗಬಾರದೆಂದು ಕಟ್ಟಿಸಿದ್ದೂ ಗೋಡೆ. ಕಲ್ಲಿಗೆ ಇದರ ಗೊಡವೆಯಿಲ್ಲ. ನಮ್ಮ ತಾಲ್ಲೂಕಿನ ಹೆಸರಿನಲ್ಲೇ ಒಂದು ಕೋಟೆಯಿದೆ; ಬಸ್ಸಿಳಿದವನಿಗೆ ಕಾಣುವುದು ಮಾತ್ರ ಸೈಕಲ್ ಅಂಗಡಿ, ತಾಲ್ಲೂಕು ಕಚೇರಿ. ಒಳಗಿದ್ದವರು, ಹೊರಗಿದ್ದವರು, ಕಾವಲಿದ್ದವರು ಎಲ್ಲರೂ ಹೋಗಿ...

“ಲೇ, ಮುಂದಕ್ಕೆ ಯೋಳ್ಲಾ!” ನಿಂಗಯ್ಯ ಪಕ್ಕೆಗೆ ತಿವಿದ. “ಅಲ್ಲ, ತೆಗೆದ ಮಣ್ಣ ಎಲ್ಲಿಗ್ ಆಕ್ತಾವ್ನೆ? ನಾನು ಒಂದಾಳು ತೋಡುದ್ರೆ ಮನೆ ಮುಂದೆ ಗುಡ್ಡ ಬೀಳ್ತದೆ.”

ಅಷ್ಟರಲ್ಲಿ ಕೈದಿ ತಾನು ಕೆರೆದ ಕಂಡಿಯೊಳಗೆ ತಲೆ ತೂರಿಸಿದ್ದ. ಭುಜ ಸಿಕ್ಕಿಕೊಂಡಿತು. ಬ್ಯಾರನ್ನಿನಲ್ಲಿ ಎಲ್ಲರೂ ಮುಂದಕ್ಕೆ ಬಾಗಿದರು.

“ನುಗ್ಗು ನನ್ನಪ್ಪ, ನುಗ್ಗು! ಆ ಪೊಲೀಸ್ನೋರು ಬರೋಕ್ ಮುಂಚೆ ಓಗ್ಬುಡು!” ಎಂದು ಕೂಗಿದವಳು ನನ್ನವ್ವ. ಜಾಮೀನುದಾರನನ್ನು ಹೆತ್ತ ತಾಯಿ. ನಾನು ಬಾಗಿಲ ಕಡೆ ನೋಡಿದೆ. ಬೋರಣ್ಣ ರೆಪ್ಪೆ ಮಿಟುಕಿಸದೆ ಆ ಗೋಡೆಯನ್ನೇ ನೋಡುತ್ತಿದ್ದ.

ಆಮೇಲೆ ನಾನು ಮಾಡಿದ್ದನ್ನು ಯಾವ ಪದವೀಧರನೂ ಮಾಡಬಾರದು. ಕೈದಿ ಹೊರಗೆ ಬಿದ್ದು, ಬೆಳ್ಳಗೆ ಹರಡಿದ ಬಯಲಿನಲ್ಲಿ ಒಬ್ಬನೇ ನಡೆಯತೊಡಗಿದಾಗ, “ಅವನಿಗೆ ಬ್ಯಾಸರ ಆಗದೆ. ತಪ್ಪು ಮಾಡ್ದೆ, ವಾಪಸ್ ಓಯ್ತೀನಿ ಅಂತಾವ್ನೆ,” ಎಂದೆ.

“ನಗ್ತಾವ್ನಲ್ಲೋ!” ಎಂದಳು ಅವ್ವ.

“ಅದು ದುಃಖದ ನಗು ಕಣವ್ವ.”

“ಇರ್ಬೋದು. ಎಷ್ಟು ಹತ್ತಿ ಬಿಟ್ಟದೆ ನೋಡು ಆ ಒಲದಲ್ಲಿ. ಬಿಡ್ಸೋಕೆ ಒಬ್ರೂ ಇಲ್ಲ.”

“ಹತ್ತಿ ಅಲ್ಲ, ಅದು ಹಿಮ,” ಎಂದೆ. ಆ ಮಧ್ಯಾಹ್ನ ನಾನು ಹೇಳಿದ ಒಂದೇ ನಿಜವನ್ನು ಯಾರೂ ನಂಬಲಿಲ್ಲ. ಸಿನಿಮಾ ಮುಗಿದು ನಟರ ಹೆಸರುಗಳು ಮೇಲಕ್ಕೆ ಹೋಗುತ್ತಿದ್ದಾಗ ಅವನ್ನೇ ಬೆರಳಿಟ್ಟು ತೋರಿಸಿ, “ಮಾರ್ನೆ ದಿನ ಅವನೇ ಜೈಲಿಗೆ ಓಗಿ ಸೇರ್ಕೊಂಡ ಅಂತ ಬರ್ದವ್ರೆ,” ಎಂದುಬಿಟ್ಟೆ.

ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತವರು ಬೋರಣ್ಣನನ್ನು ಸುತ್ತಿಕೊಂಡರು. ಜೈಲು ಕಂಡವನು ಅವನೊಬ್ಬನೇ ತಾನೇ. “ಎಂಗಿತ್ತಣ್ಣ ಪಿಚ್ಚರು?”

ಬೋರಣ್ಣ ಉಗುರಿನ ಮಣ್ಣು ತೆಗೆಯುತ್ತ ಹೇಳಿದ: “ಆ ಗೋಡೆ ಕಟ್ದವ್ನು ಸರಿಯಿಲ್ಲ. ಒಂದು ಚೂರು ಕಬ್ಬಿಣಕ್ಕೆ ಉದ್ರೋಗೋದು ಒಂದು ಗೋಡೆನಾ? ಯಾವನೋ ಕಳ್ಗೆಲ್ಸ ಮಾಡವ್ನೆ.”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ತನ್ನ ಗೋಡೆಯ ಕಡೆ ನಡೆದ.

ಸೋಮವಾರ ಬೆಳಿಗ್ಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನನ್ನು ಬಸ್ಸು ಹತ್ತಿಸಲು ಹೋದೆ. ಬೋರಣ್ಣ ಇರಲಿಲ್ಲ.

“ಕಾಡಿನ್ ತಾವ್ಕೆ ಓದ್ರು, ಒತ್ತು ಉಟ್ಟೋಕ್ ಮುಂಚೆ,” ಎಂದಳು ಕೆಂಪಕ್ಕ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

ಜಗಲಿಯ ಕಲ್ಲಿನ ಮೇಲೆ ಕೂತೆ. ಬಾಗಿಲು ತಟ್ಟುವ ಪೊಲೀಸರು ಕಂಡರು, ಗೋಡೆಯಿಂದ ಇಳಿಯುವ ಸರ್ಟಿಫಿಕೇಟು ಕಂಡಿತು. ಆದರೆ ಒಂದು ವಿಚಿತ್ರ ಹೇಳುತ್ತೇನೆ. ಹೆದರಿಕೆ ಒಂದು ಮಟ್ಟ ದಾಟಿದ ಮೇಲೆ ಮನಸ್ಸು ಹಗುರಾಗಿ ತಾನೇ ಕಾಡಿನ ಕಡೆ ಹೊರಟಿತು. ಇಬ್ಬನಿಯಲ್ಲಿ ನೆಂದ ಲಂಟಾನ, ತೇಗದ ದೊಡ್ಡ ಎಲೆಗಳು, ಆನೆ ನಡೆದ ಹಾದಿ, ಅದರಲ್ಲಿ ಬೋರಣ್ಣನ ಬೆನ್ನು. ಜಾಮೀನು ಹಾಕಿದ ನಾನು ಕಲ್ಲಿನ ಮೇಲೆ ಬೆವರುತ್ತಿದ್ದೆ. ಇನ್ನೊಬ್ಬ ನಾನು ಅವನ ಮುಂದೆ ನಡೆಯುತ್ತ ಮುಳ್ಳು ಸರಿಸಿಕೊಡುತ್ತಿದ್ದೆ. ನಿನ್ನೆ ಅವ್ವ ಕೂಗಿದ್ದನ್ನೇ ನಾನೂ ಒಳಗೊಳಗೆ ಕೂಗುತ್ತಿದ್ದೆನೇನೋ.

“ಬಂದ್ಯಾ ಮಗ? ಒಳ್ಳೇದೇ ಆಯ್ತು.”

ಬೋರಣ್ಣ ತಲೆಯ ಮೇಲೆ ಒಂದು ಮಂಕರಿ ಕೆಮ್ಮಣ್ಣು ಹೊತ್ತು ನಿಂತಿದ್ದ. “ಕಾಡಂಚಿನ್ ಮಣ್ಣು ಜಿಗುಟು. ಮಳೆ ಒಡ್ದ್ರೂ ಕೊಚ್ಚೋಗಲ್ಲ. ಬಸ್ಸು ಎಷ್ಟೊತ್ಗೆ?”

“ಅತ್ತೂವರೆಗೆ.”

“ಗೋಡೆ ಎದ್ದಾಯ್ತು, ಮೇಲ್ಮಣ್ಣು ಇನ್ನೂ ಮೂರು ಮೊಳ ಮೆತ್ಬೇಕು. ಅಂಗಿ ಬಿಚ್ಚಾಕು.”

ನಾನು ಬಿಚ್ಚಿದೆ. ಅವನು ಮೇಲೆ, ನಾನು ಕೆಳಗೆ. ನೀರು ಚಿಮುಕಿಸಿ, ಮಣ್ಣು ಬಡಿದು, ಅಂಗೈಯಿಂದ ನುಣುಪು ಮಾಡುವುದು. ಅವನ ಕಡೆ ಗೋಡೆ ಹೊಳೆಯುತ್ತಿತ್ತು. ನನ್ನ ಕಡೆ ನೋಡಿ, “ಓದಿರೋ ಕೈ, ಬುಡು,” ಎಂದ.

ಬಸ್ಸು ಬರುವ ಮುಂಚೆ, ಆಲದ ಮರದ ಕೆಳಗೆ, ಅವನು ಮೆಲ್ಲಗೆ ಕೇಳಿದ: “ನೆನ್ನೆ ನೀನ್ ಯೋಳಿದ್ದು ಸುಳ್ಳು ಅಲ್ವಾ? ಆವಯ್ಯ ವಾಪಸ್ ಓಗ್ಲಿಲ್ಲ.”

“ಇಲ್ಲ ಬೋರಣ್ಣ. ಓಗ್ಲಿಲ್ಲ.”

“ಅವನ್ ಮೊಕ ನೋಡ್ದಾಗ್ಲೇ ಗೊತ್ತಾಯ್ತು. ಓಗಿರೋನು ಓಗ್ಲಿ ಬುಡು ಮಗ, ಅವನನ್ಯಾಕೆ ಇಡ್ಕೊಂಡ್ ಬತ್ತೀಯ? ಅವನಿಗೆ ಆಚೆ ಕಡೆ ಏನೂ ಕೆಲ್ಸ ಇರ್ಲಿಲ್ಲ ಅಂತ ಕಾಣ್ತದೆ. ನಂಗೆ ಮನೆ ಇಂದ್ಲ ಗೋಡೆ ಬಿರ್ಕು ಬಿಟ್ಟು ಅಂಗೇ ಅದೆ. ಬರೋ ವರ್ಸ ಬಂದು ಅದ್ನೂ ಏರ್ಸ್ಬೇಕು. ಅರ್ಜಿ ಬರ್ಕೊಡ್ತೀಯಲ್ವಾ?”

ಬಸ್ಸು ಬಂತು. ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಅವನು ಖುಷಿಯಿಂದ ಕೈಯೆತ್ತಿದ. ಧೂಳು ಇಳಿದ ಮೇಲೆ ಮನೆಗೆ ಬಂದು, ಕೈ ತೊಳೆದುಕೊಂಡು, ಬರೋ ವರ್ಷದ ಅರ್ಜಿಯನ್ನು ಆಗಲೇ ಬರೆದಿಟ್ಟೆ. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟೆ.